ಕೌನ್ಸೆಲಿಂಗ್ ಅಂದರೆ ರಾಜಿ ಪಂಚಾಯ್ತಿಯಾ? ಮನೆಯೊಳಗಿನ ಹಿಂಸೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನೆರವು ಹುಡುಕುವ ಬಗೆ

ಕುಮಟಾದಿಂದ ಶಿರಸಿಗೆ ಬರುವ ಬಸ್ಸಿನಲ್ಲಿ ಒಂದು ಸಂಜೆ ಹಳೆಯ ಗೆಳತಿಯೊಬ್ಬಳು ಪಕ್ಕದಲ್ಲಿ ಕೂತಿದ್ದಳು. ದೇವಿಮನೆ ಘಟ್ಟ ಹತ್ತುವ ತನಕ ಮಕ್ಕಳ ಓದು, ಅಡಿಕೆ ರೇಟು ಅಂತ ಏನೇನೋ ಮಾತಾಡಿದೆವು. ಆಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ಈ ಕೌನ್ಸೆಲಿಂಗ್ ಅಂತಾರಲ್ಲ, ಅಲ್ಲಿಗೆ ಹೋದ್ರೆ ಅವರೂ ಹೊಂದ್ಕಂಡು ಹೋಗು ಅಂತಲೇ ಹೇಳ್ತಾರಾ?"

ಯಾರಿಗಾಗಿ ಕೇಳುತ್ತಿದ್ದಾಳೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಆದರೆ ಅವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಇದು ಒಬ್ಬಳ ಪ್ರಶ್ನೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದ್ದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಅಂಕಿ ಶೇ. 20.6 ಇತ್ತು. ಹಿಂಸೆಯೇ ಇಷ್ಟು ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ, ಅಂಕಿಯೊಂದರಿಂದಲೇ ತಿಳಿಯುವುದಿಲ್ಲ. ನನ್ನನ್ನು ಜಾಸ್ತಿ ಕಾಡಿದ್ದು ಅದೇ ಸಮೀಕ್ಷೆಯ ಇನ್ನೊಂದು ಅಂಕಿ. ಇಡೀ ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರ ಪೈಕಿ ಶೇ. 77 ಮಂದಿ ಯಾರ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ನೆರವು ಕೇಳಿದವರು ಶೇ. 14 ಮಾತ್ರ. ಅವರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ.

ಹೊಡೆದರೆ ಮಾತ್ರ ದೌರ್ಜನ್ಯವಾ?

ಅಲ್ಲ. ಮೊದಲು ಇದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಯಾಕೆಂದರೆ "ನನಗೇನು ಅವರು ಹೊಡೆಯಲ್ಲ" ಎಂದು ಎಷ್ಟೋ ಜನ ನೆರವಿನ ಬಾಗಿಲವರೆಗೂ ಹೋಗುವುದಿಲ್ಲ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ ಬಂದದ್ದು 2005ರಲ್ಲಿ. ಜಾರಿಯಾದದ್ದು 2006ರ ಅಕ್ಟೋಬರ್ 26ರಿಂದ. ಆ ಕಾಯ್ದೆ ನಾಲ್ಕು ಬಗೆಯ ಹಿಂಸೆಯನ್ನು ಗುರುತಿಸುತ್ತದೆ. ಮೊದಲನೆಯದು ಮೈಗೆ ಮಾಡುವ ಹಿಂಸೆ: ಹೊಡೆತ, ದೂಡುವುದು, ಕೂದಲು ಹಿಡಿದು ಎಳೆಯುವುದು. ಎರಡನೆಯದು ಲೈಂಗಿಕ ಹಿಂಸೆ. ಮೂರನೆಯದು ಮಾತಿನ ಮತ್ತು ಮನಸ್ಸಿನ ಹಿಂಸೆ: ದಿನಾ ಹಂಗಿಸುವುದು, ಮಕ್ಕಳಾಗಲಿಲ್ಲ ಎಂದೋ ಗಂಡು ಹುಟ್ಟಲಿಲ್ಲ ಎಂದೋ ಚುಚ್ಚುವುದು, ತವರಿನವರಿಗೆ ತೊಂದರೆ ಕೊಡುತ್ತೇನೆ ಎಂದು ಹೆದರಿಸುವುದು. ನಾಲ್ಕನೆಯದು ಹಣದ ಹಿಂಸೆ. ಇದನ್ನು ನಮ್ಮಲ್ಲಿ ಹಿಂಸೆ ಎಂದು ಯಾರೂ ಕರೆಯುವುದೇ ಇಲ್ಲ. ಮನೆ ಖರ್ಚಿಗೆ ದುಡ್ಡು ಕೊಡದಿರುವುದು, ದುಡಿದ ಸಂಬಳ ಕಸಿದುಕೊಳ್ಳುವುದು, ಕೇಳದೆ ಒಡವೆ ಅಡವಿಡುವುದು, ಖಾತೆಗೆ ಬಂದ ಗೃಹಲಕ್ಷ್ಮಿಯ ಎರಡು ಸಾವಿರವನ್ನು ಎಟಿಎಂ ಕಾರ್ಡ್ ಕಿತ್ತುಕೊಂಡು ತೆಗೆಯುವುದು, ಇವೆಲ್ಲ ಇದರಲ್ಲೇ ಬರುತ್ತವೆ.

ಮನಸ್ಸಿನ ಹಿಂಸೆ ಒರಲೆ ಹಿಡಿದ ಬಾಗಿಲಿನ ಹಾಗೆ. ಹೊರಗಿನಿಂದ ನೋಡಿದರೆ ಬಣ್ಣ ಹಾಗೇ ಇರುತ್ತದೆ. ಕೈ ಇಟ್ಟು ಒತ್ತಿದಾಗಲೇ ಒಳಗೆ ಟೊಳ್ಳು ಎಂದು ಗೊತ್ತಾಗುವುದು. ನಿದ್ದೆ ಬಾರದಿರುವುದು, ಗಂಡನ ಬೈಕಿನ ಸದ್ದು ಕೇಳಿದರೆ ಹೊಟ್ಟೆಯಲ್ಲಿ ನಡುಕ, ಸಾರಿಗೆ ಉಪ್ಪು ಹೆಚ್ಚಾದರೂ ಎದೆ ಢವಢವ. ಇಂಥವನ್ನು "ನನ್ನ ಸ್ವಭಾವವೇ ಹೀಗೆ, ಸ್ವಲ್ಪ ಅಂಜುಬುರುಕಿ" ಎಂದುಕೊಂಡು ಬದುಕುವವರಿದ್ದಾರೆ. ಅದು ಸ್ವಭಾವ ಅಲ್ಲ. ಅಪಾಯದ ನಡುವೆ ಬಹಳ ದಿನ ಇದ್ದರೆ ಮೈ ಸದಾ ಎಚ್ಚರದಲ್ಲಿ ಇರಲು ಕಲಿತುಬಿಡುತ್ತದೆ.

ಈ ಕಾಯ್ದೆ ಹೆಂಡತಿಗೆ ಮಾತ್ರ ಎಂದು ತಿಳಿದವರು ಬಹಳ. ಹಾಗಿಲ್ಲ. ಒಂದೇ ಮನೆಯಲ್ಲಿ ಇರುವ ಅಥವಾ ಇದ್ದ ತಾಯಿ, ತಂಗಿ, ವಿಧವೆ ಸೊಸೆ, ಮದುವೆಯಾಗದೆ ಗಂಡ-ಹೆಂಡಿರಂತೆ ಬಾಳುತ್ತಿರುವವಳು, ಎಲ್ಲರಿಗೂ ಇದು ಅನ್ವಯಿಸುತ್ತದೆ. ದೂರು ಗಂಡಸರ ಮೇಲೆ ಮಾತ್ರ ಕೊಡಬಹುದು ಎಂಬ ಮಿತಿಯನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತೆಗೆದುಹಾಕಿತು. ಹಾಗಾಗಿ ಅತ್ತೆ, ನಾದಿನಿಯ ಹಿಂಸೆಯನ್ನೂ ಹೇಳಿಕೊಳ್ಳಬಹುದು.

ಕೌನ್ಸೆಲಿಂಗ್ ಅಂದರೆ ಏನು?

ಕನ್ನಡದಲ್ಲಿ ಇದಕ್ಕೆ ಆಪ್ತಸಮಾಲೋಚನೆ ಎನ್ನುತ್ತಾರೆ. ಆಪ್ತರೊಬ್ಬರ ಜತೆ ಕೂತು ವಿಚಾರ ಮಾಡುವುದು. ಹೆಸರಿನಲ್ಲೇ ಕೆಲಸದ ಅರ್ಧ ವಿವರ ಇದೆ.

ನಮ್ಮ ಹಳ್ಳಿಗಳ ಕಾಲುಸಂಕ ಗೊತ್ತಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯುವಾಗ ಎರಡು ಅಡಿಕೆ ಮರದ ದಿಮ್ಮಿ ಹಾಕಿ ದಾಟುತ್ತೇವೆ. ಹೊಸಬರು ಬಂದರೆ ಸಂಕದ ಬುಡದಲ್ಲಿ ನಿಂತ ಒಬ್ಬರು ಹೇಳುತ್ತಾರೆ: ಎಡದ ದಿಮ್ಮಿ ಗಟ್ಟಿ, ಬಲದ್ದು ನಡುವೆ ಲಡ್ಡಾಗಿದೆ, ಇಲ್ಲಿ ಪಾಚಿ ಇದೆ, ಬೇಕಾದರೆ ಕೈ ಹಿಡಿಯುತ್ತೇನೆ. ಅವರು ನಿಮ್ಮನ್ನು ಎತ್ತಿಕೊಂಡು ದಾಟಿಸುವುದಿಲ್ಲ, ಹಿಂದಿನಿಂದ ನೂಕುವುದೂ ಇಲ್ಲ. ಇವತ್ತು ನೀರು ಜಾಸ್ತಿ, ನಾಳೆ ದಾಟುತ್ತೇನೆ ಎಂದರೆ ಅದಕ್ಕೂ ಒಪ್ಪುತ್ತಾರೆ. ಒಳ್ಳೆಯ ಆಪ್ತಸಮಾಲೋಚಕಿ ಮಾಡುವ ಕೆಲಸ ಇದೇ.

ಇನ್ನೂ ಬಿಡಿಸಿ ಹೇಳಬೇಕೆಂದರೆ, ಅವರು ಮೊದಲು ಕೇಳುತ್ತಾರೆ. ನಡುವೆ ಬಾಯಿ ಹಾಕದೆ, "ನೀನೇನು ಮಾಡಿದ್ದೆ ಅವನಿಗೆ ಸಿಟ್ಟು ಬರೋಕೆ" ಎನ್ನದೆ. ಆಮೇಲೆ ಈಗ ನಿಮಗೂ ಮಕ್ಕಳಿಗೂ ಎಷ್ಟು ಅಪಾಯ ಇದೆ ಎಂದು ನಿಮ್ಮ ಜತೆ ಸೇರಿ ಅಳೆಯುತ್ತಾರೆ. ನಿಮಗೆ ಇರುವ ದಾರಿಗಳನ್ನು ಮುಂದಿಡುತ್ತಾರೆ. ಮನೆಯಲ್ಲೇ ಇದ್ದು ಸುರಕ್ಷಿತವಾಗಿರುವುದು, ಸ್ವಲ್ಪ ದಿನ ಬೇರೆ ಕಡೆ ಇರುವುದು, ಕಾನೂನಿನ ಮೊರೆ ಹೋಗುವುದು, ವೈದ್ಯರನ್ನು ಕಾಣುವುದು, ಯಾವುದರಲ್ಲಿ ಏನು ಲಾಭ, ಏನು ಕಷ್ಟ ಎಂದು ಮಾತಾಡುತ್ತಾರೆ. ಆರಿಸುವವರು ನೀವೇ. ವರ್ಷಗಟ್ಟಲೆ "ನಿನಗೇನು ಗೊತ್ತಾಗತ್ತೆ" ಎಂದು ಕೇಳಿಸಿಕೊಂಡವಳಿಗೆ, ಒಂದು ಸಣ್ಣ ವಿಷಯವನ್ನು ತಾನೇ ತೀರ್ಮಾನಿಸುವುದು ಕೂಡ ಚಿಕಿತ್ಸೆಯ ಭಾಗ.

ರಾಜಿ ಪಂಚಾಯ್ತಿಗೂ ಇದಕ್ಕೂ ಏನು ವ್ಯತ್ಯಾಸ?

ಗೆಳತಿಯ ಪ್ರಶ್ನೆ ಇದ್ದದ್ದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಊರಲ್ಲಿ ನಡೆಯುವುದು ನಮಗೆಲ್ಲ ಗೊತ್ತು. ಎರಡೂ ಕಡೆಯ ಹಿರಿಯರು ಸೇರುತ್ತಾರೆ. ಜಗಲಿಯ ಮೇಲೆ ಚಾಪೆ, ನಡುವೆ ಕವಳದ ಹರಿವಾಣ. ಗಂಡನಿಗೆ ಎರಡು ಮಾತು ಬೈಯುತ್ತಾರೆ, ಅವಳಿಗೆ ನಾಲ್ಕು ಬುದ್ಧಿ ಹೇಳುತ್ತಾರೆ. "ಮಕ್ಕಳ ಮುಖ ನೋಡ್ಕಂಡು ಸ್ವಲ್ಪ ತಡ್ಕ ಮಾರಾಯ್ತಿ." ಆಮೇಲೆ ಎಲ್ಲರೂ ಊಟ ಮಾಡಿ ಹೋಗುತ್ತಾರೆ. ಅವರಲ್ಲಿ ಬಹಳ ಜನಕ್ಕೆ ನಿಜವಾಗಿ ಒಳ್ಳೆಯದು ಮಾಡುವ ಮನಸ್ಸೇ ಇರುತ್ತದೆ. ಆದರೆ ಅಲ್ಲಿ ಉಳಿಸಲು ಹೊರಟಿರುವುದು ಸಂಸಾರವನ್ನು. ಕೌನ್ಸೆಲಿಂಗಿನಲ್ಲಿ ಮೊದಲು ನೋಡುವುದು ಆ ಹೆಂಗಸಿನ ಜೀವ ಮತ್ತು ನೆಮ್ಮದಿಯನ್ನು. ಸಂಸಾರ ಮುಂದುವರಿಯಬೇಕೋ ಬೇಡವೋ ಎನ್ನುವುದು ಆಮೇಲಿನ ಮಾತು, ಮತ್ತು ಅವಳ ಮಾತು.

ಇನ್ನೊಂದು ತೊಂದರೆ ಇದೆ. ಹೊಡೆಯುವವನ ಎದುರೇ ಕೂರಿಸಿ "ಹೇಳು, ಏನು ಸಮಸ್ಯೆ" ಎಂದರೆ ಅವಳು ಏನು ಹೇಳಿಯಾಳು? ಹೇಳಿದರೆ ರಾತ್ರಿ ಮನೆಯಲ್ಲಿ ಅದಕ್ಕೆ ಬೆಲೆ ತೆರಬೇಕು. ಹೇಳದಿದ್ದರೆ "ಅವಳೇ ಏನೂ ಇಲ್ಲ ಅಂದಳಲ್ಲ" ಎಂದಾಗುತ್ತದೆ. ಈ ಕಾರಣಕ್ಕೇ ಹಿಂಸೆ ನಡೆಯುತ್ತಿರುವಾಗ ಗಂಡ-ಹೆಂಡತಿಯನ್ನು ಒಟ್ಟಿಗೆ ಕೂರಿಸುವುದು ಸರಿಯಲ್ಲ ಎಂದು ಈ ಕ್ಷೇತ್ರದಲ್ಲಿ ಪಳಗಿದವರು ಹೇಳುತ್ತಾರೆ. ಇಬ್ಬರ ನಡುವೆ ಅಭಿಪ್ರಾಯ ಭೇದ ಇದ್ದರೆ ಒಟ್ಟಿಗೆ ಕೂತು ಮಾತಾಡಬಹುದು. ಒಬ್ಬರಿಗೆ ಇನ್ನೊಬ್ಬರ ಭಯ ಇದ್ದರೆ ಅದು ಮಾತುಕತೆ ಆಗುವುದೇ ಇಲ್ಲ.

ಕಾನೂನೂ ಇದನ್ನು ಗಮನಿಸಿದೆ. ಪ್ರಕರಣ ಮ್ಯಾಜಿಸ್ಟ್ರೇಟರ ಮುಂದೆ ಹೋದಾಗ ಅವರು ಕೌನ್ಸೆಲಿಂಗಿಗೆ ಕಳಿಸಬಹುದು. ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಇಬ್ಬರನ್ನೂ ಒಟ್ಟಿಗೆ ಕಳಿಸಬಹುದು, ಬೇರೆ ಬೇರೆಯಾಗಿಯೂ ಕಳಿಸಬಹುದು. ಅಂಥ ಕೌನ್ಸೆಲಿಂಗ್ ಹೇಗೆ ನಡೆಯಬೇಕು ಎಂದು 2006ರ ನಿಯಮಗಳು ಹೇಳುತ್ತವೆ. ಮತ್ತೆ ಹಿಂಸೆ ಮಾಡುವುದಿಲ್ಲ ಎಂದು ಎದುರಿನವರಿಂದ ಮುಚ್ಚಳಿಕೆ ಪಡೆಯಬೇಕು. "ಅವಳು ಎದುರು ಮಾತಾಡಿದಳು, ಅದಕ್ಕೆ ಹೊಡೆದೆ" ಎಂಬ ಸಮರ್ಥನೆಗೆ ಅಲ್ಲಿ ಜಾಗವೇ ಇಲ್ಲ. ಹಾಗೆ ಹೇಳುವಂತಿಲ್ಲ ಎಂದು ಶುರುವಿನಲ್ಲೇ ಅವನಿಗೆ ತಿಳಿಸಬೇಕು. ಇತ್ಯರ್ಥದ ಮಾತು ಬರಬೇಕಾದರೆ ಅದು ಆ ಹೆಂಗಸಿನ ಇಷ್ಟ ಆಗಿರಬೇಕು. ಸಮಾಲೋಚಕರು ಯಾವ ಕಡೆಯವರ ನೆಂಟರೂ ಆಗಿರಬಾರದು, ಸಾಧ್ಯವಾದಷ್ಟು ಮಟ್ಟಿಗೆ ಹೆಂಗಸೇ ಆಗಿರಬೇಕು.

ಹಾಗಾದರೆ ಎಲ್ಲ ಕಡೆಯೂ ಹೀಗೇ ನಡೆಯುತ್ತದಾ? ಇಲ್ಲ. ಸರಿಯಾದ ತರಬೇತಿ ಇಲ್ಲದವರು ಕೌನ್ಸೆಲಿಂಗ್ ಹೆಸರಿನಲ್ಲೇ ರಾಜಿ ಮಾಡಿಸುವುದು ಉಂಟು. ಗುರುತು ಹಿಡಿಯುವುದು ಕಷ್ಟ ಅಲ್ಲ. ನಿಮ್ಮನ್ನು ಒಬ್ಬರನ್ನೇ ಕೂರಿಸಿ ಕೇಳದೆ ನೇರ ಗಂಡನನ್ನು ಕರೆಸಿದರೆ, ಓದುವ ಮೊದಲೇ ಯಾವುದಕ್ಕಾದರೂ ಸಹಿ ಹಾಕಿ ಎಂದರೆ, ನಿಮ್ಮ ಅಡುಗೆ, ಉಡುಗೆ, ನಡತೆಯ ಮೇಲೆ ಪ್ರಶ್ನೆ ಶುರುವಾದರೆ, ನೀವು ಎದ್ದು ಬರಬಹುದು. "ನಾನು ಯೋಚನೆ ಮಾಡಿ ಬರ್ತೇನೆ" ಎಂದರೆ ಸಾಕು. ಒಂದು ಬಾಗಿಲು ಸರಿ ಬರಲಿಲ್ಲ ಎಂದು ನೆರವೇ ಇಲ್ಲ ಎಂದುಕೊಳ್ಳಬೇಡಿ. ಬೇರೆ ಬಾಗಿಲುಗಳಿವೆ.

ಎಲ್ಲಿಗೆ ಹೋಗುವುದು?

ಅತಿ ಹತ್ತಿರದ ಬಾಗಿಲು ಫೋನು. 181 ಮಹಿಳಾ ಸಹಾಯವಾಣಿ. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಬೇಡ, ಕನ್ನಡದಲ್ಲಿ ಮಾತಾಡಬಹುದು. ದೂರು ಕೊಡಲೇಬೇಕು ಎಂದೇನೂ ಇಲ್ಲ. ಸುಮ್ನೆ "ನನಗೆ ಹೀಗಾಗ್ತಿದೆ, ನಮ್ಮ ತಾಲೂಕಿನಲ್ಲಿ ಯಾರನ್ನು ಕಾಣಬೇಕು" ಎಂದು ಕೇಳಿದರೂ ಆಯ್ತು.

ಎರಡನೆಯದು ಸಖಿ ಒನ್ ಸ್ಟಾಪ್ ಸೆಂಟರ್. 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆ ಇದು. ಜಿಲ್ಲೆಗೊಂದರಂತೆ ಮಾಡಿದ್ದಾರೆ. ನಮಗೆ ಜಿಲ್ಲಾ ಕೇಂದ್ರ ಕಾರವಾರ. ಒಂದೇ ಸೂರಿನಡಿ ಐದು ನೆರವು ಕೊಡಬೇಕು ಎನ್ನುವುದು ಇದರ ಉದ್ದೇಶ: ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಆಪ್ತಸಮಾಲೋಚನೆ, ಐದು ದಿನದ ಮಟ್ಟಿಗೆ ತಂಗಲು ಜಾಗ. ಮೊದಲೆಲ್ಲ ಇದಕ್ಕೆ ಆಸ್ಪತ್ರೆಗೊಮ್ಮೆ, ಠಾಣೆಗೊಮ್ಮೆ, ವಕೀಲರ ಮನೆಗೊಮ್ಮೆ ಅಲೆಯಬೇಕಿತ್ತು. ಪ್ರತಿ ಕಡೆಯೂ ಅದೇ ಕತೆಯನ್ನು ಮೊದಲಿನಿಂದ ಹೇಳಬೇಕಿತ್ತು. ಒಮ್ಮೆ ಹೇಳುವುದೇ ಎಷ್ಟು ಕಷ್ಟ ಎಂದು ಹೇಳಿದವರಿಗೇ ಗೊತ್ತು. ಮಕ್ಕಳನ್ನು ಜತೆಗೆ ಕರೆದುಕೊಂಡು ಹೋಗಬಹುದು. ಗಂಡು ಮಗು ಸ್ವಲ್ಪ ದೊಡ್ಡವನಾಗಿದ್ದರೆ ಉಳಿಯಲು ಬಿಡುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ. ಐದು ದಿನಕ್ಕಿಂತ ಹೆಚ್ಚು ಇರಬೇಕಾದರೆ ಬೇರೆ ವಸತಿ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆ ಇದೆ.

ಕಾರವಾರ ಎಲ್ಲರಿಗೂ ಹತ್ತಿರವಲ್ಲ. ಶಿರಸಿಯಿಂದಲೂ ಭಟ್ಕಳದಿಂದಲೂ ನೂರು ಕಿಲೋಮೀಟರ್ ಮೀರುತ್ತದೆ. ಅದಕ್ಕೆ ಕರ್ನಾಟಕದಲ್ಲಿ ಇನ್ನೊಂದು ದಾರಿ ಇದೆ, ಸಾಂತ್ವನ ಕೇಂದ್ರ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಯೋಜನೆ, ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತವೆ, ತಾಲೂಕು ಮಟ್ಟದಲ್ಲೂ ಇರುತ್ತವೆ. ನಡೆಸುವ ಸಂಸ್ಥೆ, ವಿಳಾಸ ಆಗಾಗ ಬದಲಾಗುವುದರಿಂದ ಹೋಗುವ ಮೊದಲು 181ಕ್ಕೆ ಅಥವಾ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಕೇಳಿ. ಜನರ ಬಾಯಲ್ಲಿ ಇದು ಸಿಡಿಪಿಒ ಆಫೀಸು.

ಈ ಸಿಡಿಪಿಒ ಆಫೀಸಿನ ಹೆಸರು ಕೇಳಿದರೆ ನಮಗೆ ನೆನಪಾಗುವುದು ಅಂಗನವಾಡಿ, ಮೊಟ್ಟೆ, ಪೌಷ್ಟಿಕ ಆಹಾರ. ಆದರೆ ಕರ್ನಾಟಕದಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿಯ ಜವಾಬ್ದಾರಿಯೂ ತಾಲೂಕಿನಲ್ಲಿ ಇವರದ್ದೇ. ನೀವು ಹೇಳಿದ್ದನ್ನು ಕೌಟುಂಬಿಕ ಘಟನಾ ವರದಿ ಎಂಬ ನಮೂನೆಯಲ್ಲಿ ಬರೆದುಕೊಳ್ಳುವುದು, ಕೋರ್ಟಿಗೆ ಅರ್ಜಿ ಹಾಕಲು ನೆರವಾಗುವುದು, ವೈದ್ಯರ ಹತ್ತಿರ, ತಂಗುವ ಜಾಗಕ್ಕೆ ತಲುಪಿಸುವುದು ಇವರ ಕೆಲಸ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಹಿಂಸೆಯ ಜತೆಗೆ ನಿದ್ದೆ ಕೆಟ್ಟಿದ್ದರೆ, ಬದುಕು ಸಾಕೆನಿಸಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. ಇದೂ ಉಚಿತ, ದಿನದ 24 ಗಂಟೆ. ಗಂಡಸರೂ ಮಾಡಬಹುದು. ಮನೆಯಲ್ಲಿ ನೋವು ತಿನ್ನುತ್ತಿರುವ ಗಂಡಸರಿಗೆ 2005ರ ಕಾಯ್ದೆ ಅನ್ವಯಿಸದಿದ್ದರೂ ಮಾತಾಡಲು ಈ ಬಾಗಿಲು ತೆರೆದಿದೆ. ಮಕ್ಕಳಿಂದ ಹಿಂಸೆ ಅನುಭವಿಸುವ ವಯಸ್ಸಾದವರಿಗೆ 14567 ಹಿರಿಯರ ಸಹಾಯವಾಣಿ ಇದೆ. ಮಕ್ಕಳಿಗೆ 1098.

ಖಾಸಗಿ ಮನಃಶಾಸ್ತ್ರಜ್ಞರ ಹತ್ತಿರ ಹೋಗುವ ಅನುಕೂಲ ಇದ್ದರೆ ಅದೂ ಸರಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಎಂದು ಕೇಳಬಹುದು. ಕೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಊರು ಚಿಕ್ಕದು, ಯಾರಾದರೂ ನೋಡಿಬಿಟ್ಟರೆ?

ಈ ಭಯ ಸುಮ್ಮನೆ ಬಂದದ್ದಲ್ಲ. ಶಿರಸಿ ಪೇಟೆಯಲ್ಲಿ ಒಂದು ಆಫೀಸಿನ ಮೆಟ್ಟಿಲು ಹತ್ತಿದರೆ ಸಂಜೆಯೊಳಗೆ ಅತ್ತೆ ಮನೆಗೆ ಸುದ್ದಿ ಮುಟ್ಟುತ್ತದೆ. ಅಂಕೋಲೆಯಲ್ಲೂ ಹೊನ್ನಾವರದಲ್ಲೂ ಇದೇ ಕತೆ. ಆಫೀಸಿನಲ್ಲಿ ಕೂತವರೇ ದೂರದ ಸಂಬಂಧಿಯೂ ಆಗಿರಬಹುದು.

ಇದಕ್ಕೆ ಕೆಲವು ಉಪಾಯಗಳಿವೆ. ನಿಮ್ಮ ತಾಲೂಕಿನ ಕೇಂದ್ರಕ್ಕೇ ಹೋಗಬೇಕೆಂಬ ನಿಯಮ ಇಲ್ಲ. ಬೇರೆ ತಾಲೂಕಿಗೆ ಹೋಗಿ ಮಾತಾಡಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಬೇಡ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಸಾಕು. ಬಸ್ ಚಾರ್ಜಿಗೂ ಗಂಡನ ಕೈ ನೋಡಬೇಕಾದ ಹೆಂಗಸಿಗೆ ಇದು ಎಷ್ಟು ದೊಡ್ಡದು ಎಂದು ಯೋಚಿಸಿ ನೋಡಿ. ಆಸ್ಪತ್ರೆಗೆ ಹೋಗುವುದು ಇನ್ನೂ ಸುಲಭದ ನೆಪ. ಬೆನ್ನು ನೋವು ಎಂದು ಹೊರಟರೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಅಲ್ಲಿ ವೈದ್ಯರ ಹತ್ತಿರವೋ ನರ್ಸಿನ ಹತ್ತಿರವೋ ಒಬ್ಬರೇ ಇದ್ದಾಗ ಹೇಳಬಹುದು. ಆಶಾ ಕಾರ್ಯಕರ್ತೆ ನಂಬಿಕಸ್ಥೆಯಾಗಿದ್ದರೆ ಅವರ ಫೋನಿನಿಂದಲೇ 181ಕ್ಕೆ ಮಾತಾಡಬಹುದು.

ನಿಮ್ಮ ಫೋನನ್ನು ಮನೆಯವರು ನೋಡುತ್ತಾರಾ? ಹಾಗಿದ್ದರೆ ಕರೆ ಮಾಡಿದ ಮೇಲೆ ಆ ನಂಬರನ್ನು ಪಟ್ಟಿಯಿಂದ ಅಳಿಸಿ. ವಾಟ್ಸಾಪ್ ಬೇರೆ ಕಂಪ್ಯೂಟರಿಗೆ ಅಥವಾ ಫೋನಿಗೆ ಜೋಡಿಸಿದ್ದಾರಾ ಎಂದು ಒಮ್ಮೆ ನೋಡಿಕೊಳ್ಳಿ. ಎಲ್ಲ ಒಟ್ಟಿಗೆ ಅಳಿಸಿದರೆ ಅನುಮಾನ ಬರುತ್ತದೆ, ಬೇಕಾದ್ದನ್ನು ಮಾತ್ರ ಅಳಿಸಿ.

ನೀವು ಹೇಳಿದ್ದನ್ನು ಸಮಾಲೋಚಕಿ ಹೊರಗೆ ಹೇಳುವಂತಿಲ್ಲ. ಇದಕ್ಕೆ ಕೆಲವೇ ವಿನಾಯಿತಿ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಈಗಲೇ ಅಪಾಯ ಇದೆ ಎಂದಾದರೆ ಅವರು ಬೇರೆಯವರ ನೆರವು ಪಡೆಯಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು.

ಭಾಷೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮನೆಮಾತು ಕೊಂಕಣಿ ಇದ್ದವರು, ಭಟ್ಕಳದ ನವಾಯತಿ ಮಾತಾಡುವವರು, ಹಳಿಯಾಳದ ಕಡೆಯ ಮರಾಠಿಯವರು ಎಲ್ಲ ಇದ್ದಾರೆ. ನೋವನ್ನು ಮನೆಮಾತಿನಲ್ಲೇ ಹೇಳಬೇಕು ಅನಿಸುವುದು ಸಹಜ. ನಿಮ್ಮ ಭಾಷೆ ಬಲ್ಲವರು ಇದ್ದಾರಾ ಎಂದು ಸಂಕೋಚ ಇಲ್ಲದೆ ಕೇಳಿ. ಆದರೆ ಭಾಷಾಂತರಕ್ಕೆ ಅಂತ ಗಂಡನ ಮನೆಯವರನ್ನೋ ನಿಮ್ಮ ಮಕ್ಕಳನ್ನೋ ಕೂರಿಸಿಕೊಳ್ಳುವುದು ಬೇಡ.

ಕೋರ್ಟಿಗೆ ಹೋಗಲೇಬೇಕಾ?

ಬೇಡ. ಕೌನ್ಸೆಲಿಂಗಿಗೆ ಕೇಸು ಇರಲೇಬೇಕೆಂದಿಲ್ಲ. ಆದರೆ ಕಾನೂನಿನಲ್ಲಿ ಏನೇನಿದೆ ಎಂದು ಗೊತ್ತಿದ್ದರೆ ಧೈರ್ಯ.

2005ರ ಕಾಯ್ದೆ ಸಿವಿಲ್ ಸ್ವರೂಪದ್ದು. ಅಂದರೆ ಅದರ ಮೊದಲ ಗುರಿ ಜೈಲಿಗೆ ಹಾಕುವುದಲ್ಲ, ಹಿಂಸೆ ನಿಲ್ಲಿಸುವುದು. ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡಬಹುದು, ಮನೆಯಿಂದ ಹೊರಹಾಕಬಾರದು ಎನ್ನಬಹುದು, ಖರ್ಚಿಗೆ ದುಡ್ಡು, ಮಕ್ಕಳ ತಾತ್ಕಾಲಿಕ ಸುಪರ್ದಿ, ಪರಿಹಾರ ಕೊಡಿಸಬಹುದು. ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ ಮೂರು ದಿನದೊಳಗೆ ಇಡಬೇಕು, 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ತಡ ಆಗುತ್ತದೆ. ರಕ್ಷಣಾ ಆದೇಶ ಮುರಿದರೆ ಮಾತ್ರ ಅದು ಅಪರಾಧ: ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. "ಮನೆ ನನ್ನ ಅಪ್ಪನ ಹೆಸರಲ್ಲಿದೆ, ನಡಿ ಹೊರಗೆ" ಎಂಬ ಬೆದರಿಕೆ ಬಹಳ ಮನೆಗಳಲ್ಲಿ ಕೇಳುತ್ತದಲ್ಲ, ಅದಕ್ಕೂ ಉತ್ತರ ಇದೆ. ಅತ್ತೆ-ಮಾವನ ಹೆಸರಿನಲ್ಲಿದ್ದರೂ ಅದು ಅವಳು ಸಂಸಾರ ಮಾಡಿದ ಮನೆಯಾದರೆ ಅಲ್ಲಿ ವಾಸಿಸುವ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಕ್ರಿಮಿನಲ್ ದಾರಿ ಬೇರೆ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಹೇಳುವ, ಹಿಂದೆ 498ಎ ಎಂದು ಕರೆಯುತ್ತಿದ್ದ ಸೆಕ್ಷನ್ನು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಸೆಕ್ಷನ್ ಆಗಿದೆ. ವಕೀಲರ ಫೀಸಿನ ಚಿಂತೆ ಇದ್ದರೆ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಜಿಲ್ಲೆಯದ್ದು ಕಾರವಾರದಲ್ಲಿ, ತಾಲೂಕು ಸಮಿತಿಗಳು ಆಯಾ ಕೋರ್ಟ್ ಆವರಣದಲ್ಲಿ. ಫೋನಿನಲ್ಲಾದರೆ 15100.

ಕುಡಿತ ಬಿಟ್ಟರೆ ಎಲ್ಲ ಸರಿ ಹೋಗುತ್ತದಾ?

"ಕುಡಿಯದಿದ್ದರೆ ದೇವರಂಥ ಮನುಷ್ಯ" ಎಂಬ ಮಾತು ಎಷ್ಟು ಸಲ ಕೇಳಿಲ್ಲ. ಕುಡಿತ ಹೊಡೆತವನ್ನು ಹೆಚ್ಚಿಸುತ್ತದೆ, ಅದು ನಿಜ. ಆದರೆ ಕುಡಿದವನು ಬಾರಿನ ಮಾಲೀಕನಿಗೆ ಹೊಡೆಯುವುದಿಲ್ಲ, ಬೋಟಿನ ಯಜಮಾನನಿಗೆ ಹೊಡೆಯುವುದಿಲ್ಲ. ಮನೆಗೆ ಬಂದು ಹೆಂಡತಿಗೆ ಹೊಡೆಯುತ್ತಾನೆ. ಯಾರಿಗೆ ಹೊಡೆಯಬಹುದು ಎಂಬ ಲೆಕ್ಕ ಕುಡಿದಾಗಲೂ ಅವನಿಗೆ ತಪ್ಪುವುದಿಲ್ಲ. ಹಾಗಾಗಿ ಕುಡಿತ ಬಿಡಿಸುವ ಚಿಕಿತ್ಸೆ ಬೇರೆ, ಹಿಂಸೆಗೆ ನೆರವು ಬೇರೆ. ಮೊದಲನೆಯದು ಮುಗಿಯಲಿ ಎಂದು ಎರಡನೆಯದನ್ನು ಮುಂದೂಡಬಾರದು.

ಹೊಡೆದ ಮರುದಿನ ಅಳುವುದು, ಕಾಲು ಹಿಡಿಯುವುದು, ಮಲ್ಲಿಗೆ ತರುವುದು, ಕೆಲವು ವಾರ ಎಲ್ಲ ಚೆನ್ನಾಗಿರುವುದು, ಆಮೇಲೆ ಮೆಲ್ಲಗೆ ಮತ್ತೆ ಬಿಗಿಯಾಗುವುದು. ಇದು ಬಹಳ ಮನೆಗಳಲ್ಲಿ ಕಾಣುವ ಸುತ್ತು. ಆ ಒಳ್ಳೆಯ ದಿನಗಳು ಸುಳ್ಳಲ್ಲ, ಅದಕ್ಕೇ ಬಿಟ್ಟು ಬರುವುದು ಕಷ್ಟ. "ಇಷ್ಟಾದರೂ ಅವಳು ಯಾಕೆ ಅಲ್ಲೇ ಇದ್ದಾಳೆ" ಎಂದು ಹೊರಗಿನವರು ಕೇಳುವಾಗ ಈ ಸುತ್ತು ಅವರಿಗೆ ಕಾಣುತ್ತಿರುವುದಿಲ್ಲ.

ಯಾವಾಗ ಕಾಯಬಾರದು?

ಕುತ್ತಿಗೆ ಹಿಸುಕಿದರೆ. ಒಮ್ಮೆಯಾದರೂ ಸಾಕು. ಗುರುತು ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು, ತೊಂದರೆ ತಡವಾಗಿ ಕಾಣಿಸಬಹುದು, ಹಾಗಾಗಿ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮುಂದೆ ಜೀವಕ್ಕೆ ಕುತ್ತು ತರುವ ಹಿಂಸೆಯ ದೊಡ್ಡ ಮುನ್ಸೂಚನೆ ಕೂಡ ಇದೇ. ಕತ್ತಿ, ಬಂದೂಕು ತೋರಿಸಿದರೆ, ಕೊಲ್ಲುತ್ತೇನೆ ಎಂದರೆ, ಬಸುರಿಗೆ ಹೊಡೆದರೆ, ಹೊಡೆತ ದಿನೇ ದಿನೇ ಹೆಚ್ಚುತ್ತಿದ್ದರೆ ಕೌನ್ಸೆಲಿಂಗಿನ ದಿನಕ್ಕಾಗಿ ಕಾಯಬೇಡಿ. ಪೊಲೀಸರ ತುರ್ತು ನಂಬರು 112ಕ್ಕೆ ಕರೆ ಮಾಡಿ. ಯಾವ ಠಾಣೆಗೆ ಹೋದರೂ ದೂರು ಬರೆದುಕೊಳ್ಳಬೇಕು, "ಇದು ನಮ್ಮ ವ್ಯಾಪ್ತಿ ಅಲ್ಲ" ಎಂದು ವಾಪಸ್ ಕಳಿಸುವಂತಿಲ್ಲ.

ಮನೆ ಬಿಡುವ ಹೊತ್ತೇ ಹೆಚ್ಚು ಅಪಾಯದ್ದು ಎಂಬುದು ನೆನಪಿರಲಿ. ಹೋಗುತ್ತೇನೆ ಎಂದು ಜಗಳದಲ್ಲಿ ಹೇಳಿಬಿಡಬೇಡಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಶಾಲೆಯ ದಾಖಲೆ, ದಿನಾ ತೆಗೆದುಕೊಳ್ಳುವ ಮಾತ್ರೆ, ಸ್ವಲ್ಪ ದುಡ್ಡು, ಇಷ್ಟನ್ನು ನಂಬಿಕೆಯವರ ಮನೆಯಲ್ಲಿ ಇಡಬಹುದು. ದಾಖಲೆ ಸಾಗಿಸಲು ಆಗದಿದ್ದರೆ ಫೋಟೊ ತೆಗೆದು ತಂಗಿಗೋ ಗೆಳತಿಗೋ ಕಳಿಸಿ. ಗದ್ದಲ ಶುರುವಾದಾಗ ಅಡುಗೆಮನೆ, ಬಚ್ಚಲುಮನೆ ಬಿಟ್ಟು ಹೊರಬಾಗಿಲ ಹತ್ತಿರ ಇರಲು ನೋಡಿ. ತೋಟದ ನಡುವಿನ ಒಂಟಿ ಮನೆಯಾದರೆ ಕೂಗು ಯಾರಿಗೂ ಕೇಳುವುದಿಲ್ಲ. ಅಂಥಲ್ಲಿ ಹತ್ತಿರದ ಮನೆಯವರೊಂದಿಗೆ ಒಂದು ಗುರುತು ಮಾಡಿಟ್ಟುಕೊಳ್ಳಬಹುದು, ಹೊರಗಿನ ಲೈಟು ಇಂಥ ಹೊತ್ತಿನಲ್ಲಿ ಹೊತ್ತಿದರೆ ಬನ್ನಿ ಎಂದು. ಇಂಥ ಯೋಜನೆಯನ್ನು ನಿಮ್ಮ ಮನೆಗೆ, ನಿಮ್ಮ ದಾರಿಗೆ ಹೊಂದುವ ಹಾಗೆ ಮಾಡಿಕೊಡುವುದೂ ಸಮಾಲೋಚಕಿಯ ಕೆಲಸವೇ.

ನಿಮಗೆ ಯಾರಾದರೂ ಹೇಳಿಕೊಂಡರೆ?

ಅವಳು ಹೇಳಿದ್ದನ್ನು ನಂಬಿ. "ಹೌದಾ, ಅವನು ಹಾಗೆ ಕಾಣುವುದಿಲ್ಲವಲ್ಲ" ಎಂಬ ಒಂದು ಮಾತು ಸಾಕು, ಮುಂದಿನ ಐದು ವರ್ಷ ಅವಳು ಬಾಯಿ ಬಿಡುವುದಿಲ್ಲ. ಬಿಟ್ಟು ಬಾ ಎಂದು ಒತ್ತಾಯಿಸುವುದೂ ಬೇಡ, ಗಂಡನ ಹತ್ತಿರ ಹೋಗಿ ಬುದ್ಧಿ ಹೇಳುವುದಂತೂ ಬೇಡವೇ ಬೇಡ. ಅದರ ಪೆಟ್ಟು ಬೀಳುವುದು ಅವಳಿಗೆ. ಹಿಂಸೆ ನಡೆಯುತ್ತಿದೆ ಎಂದು ಗೊತ್ತಿದ್ದವರು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ ಎಂದು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಆದರೂ ಸಾಧ್ಯವಾದರೆ ಅವಳನ್ನೇ ಒಂದು ಮಾತು ಕೇಳಿ ಮಾಡಿ.

ಮೊದಲ ಕರೆಯಲ್ಲಿ ಏನು ಹೇಳುವುದು?

ಗೆಳತಿಗೆ ಆಮೇಲೆ ಇವನ್ನೆಲ್ಲ ಹೇಳಿದೆ. ಅವಳು ಕೇಳಿದ ಕೊನೆಯ ಪ್ರಶ್ನೆ ಇದು: "ಫೋನ್ ಎತ್ತಿದ ಕೂಡಲೇ ಎಂತ ಹೇಳೂದು? ಎಲ್ಲಿಂದ ಶುರು ಮಾಡೂದು?"

ಮದುವೆಯ ದಿನದಿಂದ ಶುರು ಮಾಡಬೇಕಾಗಿಲ್ಲ. ಹೆಸರು ಹೇಳಲು ಭಯವಾದರೆ ಮೊದಲೇ ಹೇಳಬೇಕೆಂದಿಲ್ಲ. "ನಾನು ಉತ್ತರ ಕನ್ನಡದಿಂದ ಮಾತಾಡ್ತಾ ಇದ್ದೇನೆ. ಮನೆಯಲ್ಲಿ ನನಗೆ ಹಿಂಸೆ ಆಗ್ತಿದೆ. ಈಗ ಹತ್ತು ನಿಮಿಷ ಮಾತಾಡಬಹುದು. ಈ ನಂಬರಿಗೆ ನೀವು ತಿರುಗಿ ಫೋನ್ ಮಾಡಬೇಡಿ." ಇಷ್ಟು ಹೇಳಿದರೆ ಸಾಕು. ನಡುವೆ ಯಾರಾದರೂ ಬಂದರೆ "ರಾಂಗ್ ನಂಬರ್" ಎಂದು ಇಟ್ಟುಬಿಡಿ, ಇನ್ನೊಂದು ದಿನ ಮತ್ತೆ ಮಾಡಬಹುದು. ಅಳು ಬಂದು ಮಾತೇ ಹೊರಡದಿದ್ದರೆ ಸ್ವಲ್ಪ ಹೊತ್ತು ಫೋನ್ ಹಿಡಿದುಕೊಂಡೇ ಇರಿ. ಇಂಥ ಕರೆಗಳು ಆ ಕಡೆಯವರಿಗೆ ಹೊಸದಲ್ಲ.

ಅವಳು ಆ ನಾಲ್ಕು ವಾಕ್ಯವನ್ನು ಹಳೆಯ ಬಸ್ ಟಿಕೆಟಿನ ಹಿಂದೆ ಬರೆದುಕೊಂಡು ಬ್ಯಾಗಿನ ಒಳಜೇಬಿನಲ್ಲಿ ಇಟ್ಟಳು. 181 ಎಂದು ಬರೆಯಲಿಲ್ಲ. ಮೂರೇ ಅಂಕಿ, ನೆನಪಿರುತ್ತದೆ ಎಂದಳು.